ದ್ಯಾವಪ್ಪನವರ ಕೊನೆಯ ಗೀಟು

ದ್ಯಾವಪ್ಪನವರು ಕೆಲಸದಲ್ಲಿ ಒಂದೇ ಒಂದು ತಪ್ಪು ಮಾಡಿದ್ದಾರೆ ಎಂದು ಬರೆಯಲು ಹೊರಟಿದ್ದೆ. ಅವರನ್ನೇ ಕೇಳಿದಾಗ, ಜೀವನದಲ್ಲಿ ಒಟ್ಟು ಎರಡು ಎಂದರು. ಎರಡನೆಯದು ಮದುವೆಗೆ ಸಂಬಂಧಿಸಿದ್ದು. ಅವರ ಹೆಂಡತಿ ದುರಗಮ್ಮನವರು ಅಲ್ಲೇ ಕುಳಿತು ಹೆಸರುಕಾಳು ಹಸನು ಮಾಡುತ್ತಿದ್ದುದರಿಂದ ಅದನ್ನು ಅವರು ವಿವರಿಸಲಿಲ್ಲ. ಆದ್ದರಿಂದ ಇಲ್ಲಿರುವುದು ಕೆಲಸದ ತಪ್ಪು ಮಾತ್ರ.

ಅವರ ಆಫೀಸು ಕುಷ್ಟಗಿಯ ಸರ್ಕಲ್ ಹತ್ತಿರ, ದಾಳಿಂಬೆ ತುಂಬುವ ರಟ್ಟಿನ ಡಬ್ಬಿ ಮಾರುವ ಅಂಗಡಿಯ ಮೇಲಿನ ಕೋಣೆಯಲ್ಲಿದೆ. ಹಳ್ಳಿಗಳಿಗೆ ಕೇಬಲ್ ಮೂಲಕ ಇಂಟರ್‌ನೆಟ್ ಕೊಡುವ ಒಂದು ಖಾಸಗಿ ಕಂಪನಿಯ ತಾಲೂಕು ಶಾಖೆ ಅದು. ಮುಖ್ಯ ಕಚೇರಿ ಕೊಪ್ಪಳದಲ್ಲಿದೆ. ಕೊಪ್ಪಳ, ಗಂಗಾವತಿ, ಯಲಬುರ್ಗಾ, ಕುಷ್ಟಗಿ ಎಂದು ನಾಲ್ಕು ಶಾಖೆಗಳು, ಶಾಖೆಗೊಬ್ಬ ಮೇಲ್ವಿಚಾರಕ. ಕುಷ್ಟಗಿಯ ಮೇಲ್ವಿಚಾರಕರು ದ್ಯಾವಪ್ಪನವರು. ಅಲ್ಲಿ ಅವರ ಕೈಕೆಳಗೆ ಯಾರೂ ಇಲ್ಲದ ಕಾರಣ ಕಂಬ ಹತ್ತುವುದೂ ಅವರೇ, ಕಂಬ ಹತ್ತಿದವನನ್ನು ಯಾಕೆ ತಡವಾಯಿತೆಂದು ಕೇಳುವುದೂ ಅವರೇ.

ಆ ಕೋಣೆಯ ಮೂಲೆಯಲ್ಲಿ ಕಬ್ಬಿಣದ ಕಪಾಟಿದೆ, ಅದರೊಳಗೆ ಯಂತ್ರವಿದೆ. ಅದರಿಂದ ತಾಲೂಕಿನ ಮುನ್ನೂರ ಹನ್ನೆರಡು ಕಡೆಗೆ ಲೈನು ಹೋಗುತ್ತದೆ: ಪಂಚಾಯಿತಿ, ರೇಷನ್ ಅಂಗಡಿ, ಹಾಲಿನ ಡೇರಿ, ಹಣ್ಣಿನ ಶೆಡ್ಡು. ಪ್ರತಿ ಲೈನಿಗೂ ಮೂರಂಕಿಯ ನಂಬರು. ಕಂಪ್ಯೂಟರಿನಲ್ಲಿ ಒಂದು ಆಜ್ಞೆ ಟೈಪ್ ಮಾಡಿದರೆ ಯಂತ್ರವು ಮುನ್ನೂರ ಹನ್ನೆರಡು ಸಾಲುಗಳಲ್ಲಿ ಯಾವ ಲೈನು ಸರಿಯಾಗಿ ಎದ್ದು ನಿಂತಿದೆ, ಯಾವುದು ಕೆಟ್ಟು ಬಿದ್ದಿದೆ ಎಂದು ಹೇಳುತ್ತದೆ. ಪರದೆಯಲ್ಲಿ ಒಮ್ಮೆಗೆ ಇಪ್ಪತ್ನಾಲ್ಕು ಸಾಲು ಹಿಡಿಯುತ್ತದೆ. ಅಂದರೆ ಬಿದ್ದ ಒಂದು ಲೈನನ್ನು ಹುಡುಕಲು ಹದಿಮೂರು ಪರದೆ ಓದಬೇಕು. ದ್ಯಾವಪ್ಪನವರು ಮೊದಲ ವರ್ಷವೆಲ್ಲ ಹಾಗೆಯೇ ಓದಿದರು. ಎರಡನೇ ವರ್ಷ ಯಾರೋ ಎಂಜಿನಿಯರ್ ಬಿಟ್ಟುಹೋದ ಮೂವತ್ತೊಂದು ಹಾಳೆಯ ಝೆರಾಕ್ಸ್ ಪುಸ್ತಕವೊಂದು ಕಪಾಟಿನ ಕೆಳಗೆ ಸಿಕ್ಕಿತು.

ಅದರಲ್ಲಿ ಸೋಸುವ ವಿದ್ಯೆ ಇತ್ತು. ಆಜ್ಞೆಯ ಹಿಂದೆ ಒಂದು ಜರಡಿ ಜೋಡಿಸಬಹುದು: ಈ ಗುರುತಿರುವ ಸಾಲು ಮಾತ್ರ ತೋರಿಸು, ಅಥವಾ ಈ ಗುರುತಿರುವ ಸಾಲು ಬಿಟ್ಟು ಉಳಿದದ್ದು ತೋರಿಸು. ಗುರುತು ಬರೆಯಲು ಸಣ್ಣ ಸಣ್ಣ ಚಿಹ್ನೆಗಳಿವೆ. ಚುಕ್ಕಿ ಎಂದರೆ ಯಾವುದೋ ಒಂದು ಅಕ್ಷರ, ಯಾರಾದರೂ ಆದೀತು. ಟೋಪಿಯಂಥದ್ದು ಹಾಕಿದರೆ ಸಾಲಿನ ತಲೆ. ಡಾಲರ್ ಹಾಕಿದರೆ ಸಾಲಿನ ಬಾಲ. ಎರಡು ಗುರುತುಗಳ ನಡುವೆ ನಿಂತ ಗೀಟು ಎಳೆದರೆ ಇದು ಅಥವಾ ಅದು. ಹತ್ತನೇ ಇಯತ್ತೆ ಪಾಸಾಗಿದ್ದ ದ್ಯಾವಪ್ಪನವರು ನಿಘಂಟು ಇಟ್ಟುಕೊಂಡು ಎಂಟು ತಿಂಗಳಲ್ಲಿ ಮೂವತ್ತೊಂದು ಹಾಳೆ ಮುಗಿಸಿದರು. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಚಿಹ್ನೆಗೊಂದು ಪುಟ ಕೊಟ್ಟು ಬರೆದಿಟ್ಟರು. ಚುಕ್ಕಿಯ ಪುಟದಲ್ಲಿ ಕೆಂಪು ಶಾಯಿಯಲ್ಲಿ, "ಇವನನ್ನು ನಂಬಬಾರದು, ಯಾರ ಜಾಗದಲ್ಲಾದರೂ ಕೂರುತ್ತಾನೆ" ಎಂದಿದೆ. ನಾನು ನೋಡಿದ್ದೇನೆ.

ಊಟಕ್ಕೆ ಕುಳಿತಾಗ ಇದನ್ನೆಲ್ಲ ದುರಗಮ್ಮನವರಿಗೆ ವಿವರಿಸುತ್ತಿದ್ದರಂತೆ. ಅವರು ಪೂರ್ತಿ ಕೇಳಿ, "ಅಷ್ಟು ಛಲೋ ಸಾಣಿಗಿ ಇದ್ರ ಮೊದಲ ನಿಮ್ಮ ಅವ್ವನ ಮಾತಿಗೆ ಹಚ್ರಿ" ಎಂದಿದ್ದರು.

ಇಷ್ಟು ಕಲಿತರೂ ದ್ಯಾವಪ್ಪನವರು ಗುತ್ತಿಗೆಯ ಆಳಾಗಿಯೇ ಇದ್ದರು. ಒಂಬತ್ತು ವರ್ಷ. ಪ್ರತಿ ಮಾರ್ಚಿನಲ್ಲಿ ಅವರನ್ನು ತೆಗೆದುಹಾಕಿ ಹದಿನೈದು ದಿನ ಬಿಟ್ಟು ಮತ್ತೆ ತೆಗೆದುಕೊಳ್ಳುತ್ತಿದ್ದರು. ಆ ಹದಿನೈದು ದಿನ ಅವರು ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆ ಹೋಗುತ್ತಿದ್ದರು. ನಲವತ್ತೈದು ತುಂಬಿದವರನ್ನು ಕಾಯಂ ಮಾಡುವುದಿಲ್ಲ ಎಂಬುದು ಕಂಪನಿಯ ನಿಯಮ. ಆಧಾರ್ ಕಾರ್ಡಿನ ಪ್ರಕಾರ ಅವರಿಗೆ ಕಳೆದ ಡಿಸೆಂಬರ್ ಒಂಬತ್ತಕ್ಕೆ ನಲವತ್ತೈದು ತುಂಬುವುದಿತ್ತು. ಅವರ ಅವ್ವನ ಪ್ರಕಾರ ಕಾರಹುಣ್ಣಿಮೆಯ ಮರುದಿನವೇ ತುಂಬಿತ್ತು. ಕಂಪನಿ ನಂಬುವುದು ಆಧಾರನ್ನು.

ಅಕ್ಟೋಬರ್ ಕೊನೆಯಲ್ಲಿ ಕೊಪ್ಪಳದಿಂದ ಸುತ್ತೋಲೆ ಬಂತು. ನಾಲ್ವರು ಮೇಲ್ವಿಚಾರಕರಲ್ಲಿ ಒಬ್ಬರನ್ನು ಡಿಸೆಂಬರ್ ಒಂದರಂದು ಕಾಯಂ ಮಾಡಲಾಗುವುದು. ನವೆಂಬರಿನ ಮೂವತ್ತು ದಿನ ಬೆಳಿಗ್ಗೆ ಒಂಬತ್ತಕ್ಕೆ ಬಿದ್ದ ಲೈನುಗಳ ವರದಿ ಕಳಿಸಬೇಕು. ಯಾರ ವರದಿ ಸ್ವಚ್ಛವೋ ಅವರಿಗೆ ಕೆಲಸ. ಆ ಕಾಗದವನ್ನು ದ್ಯಾವಪ್ಪನವರು ಮಡಚಿ ಜೇಬಿನಲ್ಲಿಟ್ಟುಕೊಂಡರು. ಇದು ತಪ್ಪಿದರೆ ಮುಂದಿನ ಒಂಬತ್ತು ವರ್ಷದ ಮಾರ್ಚುಗಳಲ್ಲೂ ಗೌಂಡಿ ಕೆಲಸವೇ ಎಂದು ಮನೆಯಲ್ಲಿ ಇಬ್ಬರಿಗೂ ಗೊತ್ತಿತ್ತು. 

ವರದಿಗೆ ಒಂದು ವಿನಾಯಿತಿ ಇತ್ತು. ಕರೆಂಟಿನವರು ಲೈನು ತೆಗೆಯುವ ಊರು, ರಸ್ತೆ ಅಗಲ ಮಾಡುವ ಊರು, ಇಂಥವು ಲೆಕ್ಕಕ್ಕಿಲ್ಲ. ಆ ನಂಬರುಗಳನ್ನು ಕೊಪ್ಪಳದವರೇ ಬೆಳಿಗ್ಗೆ ಮೊಬೈಲಿಗೆ ಕಳಿಸುತ್ತಿದ್ದರು. ದ್ಯಾವಪ್ಪನವರು ಅವನ್ನು 'ಬಿಟ್ಟುಬಿಡು' ಎಂಬ ಜರಡಿಯಲ್ಲಿ ನಡುವೆ ಗೀಟು ಹಾಕಿ ಬರೆಯುತ್ತಿದ್ದರು: 118|207|341. ಆದರೆ ನಂಬರುಗಳು ಒಟ್ಟಿಗೆ ಬರುತ್ತಿರಲಿಲ್ಲ. ಎಂಟಕ್ಕೊಂದು, ಎಂಟೂ ಇಪ್ಪತ್ತಕ್ಕೊಂದು, ಒಂಬತ್ತಕ್ಕೆ ಐದು ನಿಮಿಷವಿದ್ದಾಗ ಇನ್ನೊಂದು. ಎರಡನೇ ದಿನ ಹೊಸ ನಂಬರು ಸೇರಿಸುವ ಅವಸರದಲ್ಲಿ ನಡುವಿನ ಗೀಟು ಮರೆತರು. ಎರಡು ನಂಬರು ಅಂಟಿ ಆರಂಕಿಯದಾಯಿತು. ಅಂಥ ಲೈನು ಭೂಮಿಯ ಮೇಲೆ ಇಲ್ಲ. ವಿನಾಯಿತಿ ಇದ್ದ ಎರಡೂ ಊರು ವರದಿಯಲ್ಲಿ ಬಂದವು, ಕೊಪ್ಪಳದಿಂದ ಬೈಗುಳ ಬಂತು. ಮೂರನೇ ದಿನವೂ ಹಾಗೆಯೇ ಆಯಿತು.

ದ್ಯಾವಪ್ಪನವರು ಒಂದೇ ತಪ್ಪನ್ನು ಮೂರನೇ ಸಲ ಮಾಡುವವರಲ್ಲ. ಅವರ ಮನೆಯಲ್ಲಿ ಒಂದು ಪದ್ಧತಿ ಇದೆ. ಎಷ್ಟೇ ಸಣ್ಣ ಊಟವಿರಲಿ, ಸಾಲಿನ ಕೊನೆಯಲ್ಲಿ ಒಂದು ಎಲೆ ಹೆಚ್ಚಿಗೆ ಹಾಕುತ್ತಾರೆ. ಯಾರಾದರೂ ಬಂದರೆ ಎಲೆ ಹುಡುಕಲು ಓಡಬೇಕಿಲ್ಲ, ಬಂದವರು ಕೂರಬಹುದು. ನಾಲ್ಕನೇ ದಿನ ಅವರು ಜರಡಿಯಲ್ಲೂ ಹಾಗೇ ಮಾಡಿದರು. ಕೊನೆಯ ನಂಬರಿನ ಮುಂದೆ ಮೊದಲೇ ಒಂದು ಗೀಟು ಎಳೆದಿಟ್ಟರು: 118|207|341|. ಬರುವ ನಂಬರು ಬಂದು ಅದರ ಪಕ್ಕದಲ್ಲಿ ಕೂರಲಿ ಎಂದು. ಅದು ಕೂತ ಮೇಲೆ ಅದರ ಮುಂದೆ ಮತ್ತೊಂದು ಗೀಟು. ಮರೆಯುವ ಮಾತೇ ಇಲ್ಲ.

ಅಂದು ಒಂಬತ್ತಕ್ಕೆ ಯಂತ್ರ ಒಂದೂ ಸಾಲು ತೋರಿಸಲಿಲ್ಲ. ಹಿಂದಿನ ದಿನ ಭಾನುವಾರವಾದರೂ ಅವರು ನಾಲ್ಕು ಕಂಬ ಹತ್ತಿ ಬಿದ್ದಿದ್ದ ಲೈನುಗಳನ್ನು ಎಬ್ಬಿಸಿ ಬಂದಿದ್ದರು. ಕಷ್ಟಕ್ಕೆ ಫಲ ಸಿಕ್ಕಿತು ಎಂದುಕೊಂಡರು. ಐದನೇ ದಿನವೂ ಖಾಲಿ. ಆರನೇ ದಿನವೂ ಖಾಲಿ.

ಕೊಪ್ಪಳದಲ್ಲಿ ಇವರ ಮ್ಯಾನೇಜರು ಯಂಕೇಶ ಎಂಬವರು. ಮೂವತ್ತೊಂದು ವರ್ಷ, ಎಂಜಿನಿಯರಿಂಗ್ ಓದಿದವರು, ಯಾರಿಗೂ ಕೆಟ್ಟದ್ದು ಬಯಸದವರು. ಅವರ ಕೋಣೆಯ ದೊಡ್ಡ ಪರದೆಯಲ್ಲಿ ನಾಲ್ಕು ತಾಲೂಕಿಗೆ ನಾಲ್ಕು ಚೌಕಗಳಿದ್ದವು. ವರದಿ ಸ್ವಚ್ಛವಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಕುಷ್ಟಗಿ ಒಂದೇ ಹಸಿರಾಗಿರುವುದನ್ನು ಕಂಡು ಅವರು ದ್ಯಾವಪ್ಪನವರ ಜರಡಿಯನ್ನು ತರಿಸಿಕೊಂಡು, "ಇದನ್ನು ಇದ್ದಂತೆಯೇ ಬಳಸಿ" ಎಂದು ಉಳಿದ ಮೂವರಿಗೂ ಕಳಿಸಿದರು. ಹದಿನೈದನೇ ತಾರೀಖಿಗೆ ನಾಲ್ಕೂ ಚೌಕ ಹಸಿರಾದವು.

ಲೈನು ಸತ್ತವರು ದೂರು ಕೊಡಲಿಲ್ಲವೇ ಎಂದು ಓದುವವರಿಗೆ ಅನಿಸಬಹುದು. ಕೊಟ್ಟರು. ದೂರಿನ ಫೋನು ಕೊಪ್ಪಳಕ್ಕೆ ಹೋಗುತ್ತದೆ. ಅಲ್ಲಿಯವರು ಆ ದಿನದ ವರದಿ ನೋಡುತ್ತಾರೆ. ವರದಿಯಲ್ಲಿ ಆ ನಂಬರು ಇಲ್ಲದಿದ್ದರೆ ಲೈನು ಸರಿ ಇದೆ ಎಂದು ಹೇಳಿ ದೂರನ್ನು ಮುಗಿಸುತ್ತಾರೆ. ಆ ತಿಂಗಳು ದೂರುಗಳೂ ದಾಖಲೆಯ ವೇಗದಲ್ಲಿ ಮುಗಿದವು.

ಇಪ್ಪತ್ತೆರಡನೇ ತಾರೀಖು ಬೆಳಿಗ್ಗೆ ಹತ್ತಕ್ಕೆ ದೋಟಿಹಾಳದ ಕಾಸೀಮಸಾಬರು ಮೆಟ್ಟಿಲು ಹತ್ತಿ ಬಂದರು. ಅವರದು ದಾಳಿಂಬೆ ಆರಿಸುವ ಶೆಡ್ಡು. ಹಣ್ಣಿನ ಫೋಟೋ, ತೂಕ ಎಲ್ಲ ದೂರದ ವ್ಯಾಪಾರಿಗಳಿಗೆ ಇಂಟರ್‌ನೆಟ್ಟಿನಲ್ಲೇ ಹೋಗಬೇಕು.

"ದ್ಯಾವಪ್ಪಣ್ಣ, ಆರು ದಿನ ಆತು, ನಮ್ಮ ಲೈನ್ ಸತ್ತೈತಿ" ಎಂದರು.

ದ್ಯಾವಪ್ಪನವರು ಅಂದಿನ ವರದಿ ನೋಡಿದರು. "ಇಲ್ಲೇನೂ ಬಂದಿಲ್ರಿ ಸಾಹೇಬ್ರ."

"ಬರಾಕ ಅದಕ್ಕೇನು ಬಸ್ ಪಾಸ್ ಬೇಕೇನು? ಮೊಬೈಲ್ ಸಿಗ್ನಲ್ ನಮ್ಮೂರಾಗ ನೀರಿನ ಟಾಕಿ ಮ್ಯಾಲ ಅಷ್ಟ ಸಿಗೂದು. ದಿನಾ ಟಾಕಿ ಹತ್ತಿ ಫೋಟೋ ಕಳಸಾಕತ್ತೀನಿ. ನಿನ್ನೆ ಮಂದಿ ಏನೋ ತಿಳಕೊಂಡು ನನ್ನ ಹೇಣ್ತಿ ಲಾಲಬೀನ ಕರಕೊಂಡು ಬಂದಾರ. ಆಕಿ ಕೆಳಗ ನಿಂತು, ಏನ ಸಿಟ್ಟಿದ್ರೂ ಇಳದು ಬಂದು ಹೇಳ್ರಿ ಅಂತಾಳ."

ಕೊಪ್ಪಳಕ್ಕೆ ಫೋನು ಮಾಡಿದ್ದಿರಾ ಎಂದು ದ್ಯಾವಪ್ಪನವರು ಕೇಳಿದರು. ನಾಲ್ಕು ಸಲ ಮಾಡಿದ್ದರಂತೆ. ನಾಲ್ಕು ಸಲವೂ ಲೈನು ಚೆನ್ನಾಗಿದೆ ಎಂಬ ಉತ್ತರ ಬಂದಿತ್ತು.

"ನಿಮ್ಮ ಯಂತ್ರದಾಗ ನಾನು ಜೀವಂತ ಅದೀನಿ" ಎಂದರು ಕಾಸೀಮಸಾಬರು. "ಖರೇನ ಜೀವಂತ ಇದ್ದಿದ್ರ ಇಷ್ಟು ಮೆಟ್ಟಿಲು ಯಾಕ ಹತ್ತತಿದ್ದೆ?"

ದ್ಯಾವಪ್ಪನವರು ಯಂತ್ರಕ್ಕೆ ಆ ಒಂದು ಲೈನಿನ ನಂಬರನ್ನು, 226ನ್ನು, ಮಾತ್ರ ಕೇಳಿದರು. ಬಿದ್ದಿದೆ ಎಂದಿತು. ಜರಡಿ ಜೋಡಿಸಿ ಕೇಳಿದರು. ಏನೂ ಹೇಳಲಿಲ್ಲ. 226ಕ್ಕೆ ಅಂದು ವಿನಾಯಿತಿ ಇರಲಿಲ್ಲ. ಅವರು ನೋಟ್‌ಬುಕ್ ತೆಗೆದು ಜರಡಿಯ ಮೇಲೆ ಬೆರಳಿಟ್ಟು ಒಂದೊಂದೇ ನಂಬರು ದಾಟುತ್ತಾ ಹೋದರು. ಬೆರಳು ಕೊನೆಯ ಗೀಟಿನ ಹತ್ತಿರ ನಿಂತಿತು. ಗೀಟಿನ ಮುಂದೆ ಏನೂ ಇರಲಿಲ್ಲ.

ಆಗ ಅವರಿಗೆ ತಿಳಿಯಿತು. 118 ಇದ್ದರೆ ಬಿಡು, ಅಥವಾ 207 ಇದ್ದರೆ ಬಿಡು, ಅಥವಾ 341 ಇದ್ದರೆ ಬಿಡು, ಅಥವಾ ಏನೂ ಇಲ್ಲದ್ದು ಇದ್ದರೂ ಬಿಡು. ಮನುಷ್ಯನಾದರೆ ಕೊನೆಯ ಮಾತನ್ನು ಅರ್ಧಕ್ಕೆ ನಿಂತದ್ದು ಎಂದುಕೊಳ್ಳುತ್ತಾನೆ. ಯಂತ್ರ ಹಾಗೆ ಅಂದುಕೊಳ್ಳುವುದಿಲ್ಲ. ಏನೂ ಇಲ್ಲದ್ದು ಎಂಬುದು ಎಲ್ಲ ಸಾಲಿನಲ್ಲೂ ಇರುತ್ತದೆ. ಆದ್ದರಿಂದ ಅದು ಎಲ್ಲ ಸಾಲನ್ನೂ ಬಿಟ್ಟಿತ್ತು. ಒಬ್ಬ ಅತಿಥಿಗೆಂದು ಹಾಕಿದ ಎಲೆಯ ಮೇಲೆ ಇಡೀ ತಾಲೂಕು ಕುಳಿತಿತ್ತು.

ಅವರು ಗೀಟು ಅಳಿಸಿ ಮತ್ತೆ ಕೇಳಿದರು. ನಲವತ್ತೊಂದು ಸಾಲು ಬಂದವು. ಒಂದು ಪರದೆ ತುಂಬಿ, ಎರಡನೆಯದರಲ್ಲಿ ಹದಿನೇಳು. ಕಾಸೀಮಸಾಬರು ಕನ್ನಡಕ ಏರಿಸಿ ತಮ್ಮ ನಂಬರು ಹುಡುಕಿ ಸಿಕ್ಕ ಮೇಲೆ ಸಮಾಧಾನದಿಂದ, "ಹಾಂ, ಈಗ ಸತ್ತೆ ನೋಡು" ಎಂದರು.

ದ್ಯಾವಪ್ಪನವರು ಯಂಕೇಶರಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದರು. ಯಂಕೇಶರು, ಮಾಲೀಕರು ದಿನಾ ಬಂದು ಆ ನಾಲ್ಕು ಹಸಿರು ಚೌಕಗಳನ್ನು ನೋಡಿ ಹೋಗುತ್ತಾರೆ, ಇನ್ನು ಎಂಟೇ ದಿನ, ಗೀಟು ಇದ್ದಲ್ಲೇ ಇರಲಿ ಎಂದರು.

"ಅದು ತಪ್ಪು ಐತ್ರಿ ಸರ."

"ತಪ್ಪಂತ ಯಾರಿಗೆ ಗೊತ್ತೈತಿ?"

"ನನಗ ಗೊತ್ತೈತ್ರಿ. ಕಾಸೀಮಸಾಬರಿಗೂ ಗೊತ್ತಾತು."

"ನಿಮಗ ಕಾಯಂ ಆಗೂದು ಬ್ಯಾಡೇನು?"

ದ್ಯಾವಪ್ಪನವರು ನಿಧಾನಕ್ಕೆ, "ಬೇಕ್ರಿ" ಎಂದರು.

ಆಮೇಲೆ ಗಂಗಾವತಿಯ ಮೇಲ್ವಿಚಾರಕಿ ಅನುಷಾಗೂ ಫೋನು ಮಾಡಿದರು. ಅವಳಿಗೆ ಈ ಜರಡಿ ಸಿಕ್ಕ ಎರಡನೇ ದಿನವೇ ಅನುಮಾನ ಬಂದಿತ್ತು. ನವಲಿ, ಹುಲಿಹೈದರದ ಲೈನು ಬಿದ್ದದ್ದು ಅವಳ ಕಣ್ಣಿಗೇ ಕಂಡಿತ್ತು, ವರದಿಯಲ್ಲಿ ಇರಲಿಲ್ಲ. ಹಾಗಾದರೆ ಯಾಕೆ ಕೇಳಲಿಲ್ಲ ಎಂದಾಗ, "ನೀವು ಹಾಕಿದ ಗೀಟು ಅಂತ ಯಂಕೇಶ ಸರ ಅಂದ್ರಲ್ರಿ ಅಣ್ಣ. ನೀವಂದ್ರ ಬೇಕಂತ ಹಾಕಿರ್ತೀರಿ ಅಂತ ತಿಳಕೊಂಡೆ" ಎಂದಳು. ಯಂಕೇಶರ ಮಾತಿಗಿಂತ ಈ ಮಾತು ಅವರಿಗೆ ಹೆಚ್ಚು ಚುಚ್ಚಿತು.

ಮರುದಿನ ಒಂಬತ್ತಕ್ಕೆ ಐದು ನಿಮಿಷವಿದ್ದಾಗ ಅವರು ಗೀಟು ಹಾಕಿದರು, ಅಳಿಸಿದರು, ಮತ್ತೆ ಹಾಕಿದರು. ಇದನ್ನು ಅವರೇ ಹೇಳಿದ್ದು. ಅವರನ್ನು ಸತ್ಯಸಂಧರೆಂದು ಬರೆಯಬೇಡ ಎಂದೂ ಹೇಳಿದ್ದಾರೆ. ಎರಡನೇ ಸಲ ಅಳಿಸಲು ಕಾರಣ ಕೇಬಲ್ಲು. ವರದಿಯಲ್ಲಿ ಇಲ್ಲದ ಲೈನಿಗೆ ಕೊಪ್ಪಳದ ಉಗ್ರಾಣದವರು ಕೇಬಲ್ ಕೊಡುವುದಿಲ್ಲ. ಕಾಸೀಮಸಾಬರ ಲೈನು ಎಬ್ಬಿಸಬೇಕಾದರೆ ಅದು ಮೊದಲು ಕಾಗದದಲ್ಲಿ ಬೀಳಲೇಬೇಕು. ಅವರು ನಲವತ್ತೊಂದು ಸಾಲನ್ನೂ ಕಳಿಸಿದರು. ಮೂರು ಹಸಿರು ಚೌಕಗಳ ನಡುವೆ ಕುಷ್ಟಗಿ ಕೆಂಪಾಯಿತು.

ಉಳಿದದ್ದು ಎಂಟು ದಿನ. ದ್ಯಾವಪ್ಪನವರು ಬೆಳಿಗ್ಗೆ ವರದಿ ಕಳಿಸಿ ಬೈಕಿಗೆ ಕೇಬಲ್ ಸುರುಳಿ ಕಟ್ಟಿ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ದೋಟಿಹಾಳದ ತಂತಿಯನ್ನು ಹೊಲ ಉಳುತ್ತಿದ್ದ ಟ್ರ್ಯಾಕ್ಟರಿನ ರೆಂಟೆ ಹರಿದಿತ್ತು. ಒಂದು ಪಂಚಾಯಿತಿಯಲ್ಲಿ ಯಂತ್ರದ ಹಸಿರು ದೀಪ ಕಣ್ಣಿಗೆ ಹೊಡೆಯುತ್ತದೆಂದು ಕಾವಲುಗಾರ ಪ್ಲಗ್ ಕಿತ್ತು ಮಲಗಿದ್ದ, ಹನ್ನೊಂದು ದಿನದಿಂದ. ಇನ್ನೊಂದು ಊರಿನಲ್ಲಿ ಇಂಟರ್‌ನೆಟ್ ಡಬ್ಬಿಯ ಮೇಲೆ ಶೇಂಗಾ ಚೀಲ ಪೇರಿಸಿದ್ದರು, ಒಳಗೆ ಇಲಿಗಳು ಸಂಸಾರ ಹೂಡಿದ್ದವು. ಮತ್ತೊಂದರಲ್ಲಿ ಎಲ್ಲವೂ ಸರಿ ಇತ್ತು, ಕೋಣೆಯ ಕೀಲಿ ಮಾತ್ರ ಹುಬ್ಬಳ್ಳಿಗೆ ಹೋಗಿತ್ತು. ನಲವತ್ತೊಂದು ಮೂವತ್ತಮೂರಾಯಿತು, ಇಪ್ಪತ್ತಾರಾಯಿತು, ಹದಿನಾಲ್ಕಾಯಿತು. ಯಂಕೇಶರು ದಿನಾ ಬೆಳಿಗ್ಗೆ ಫೋನು ಮಾಡಿ ಒಂದೇ ಒಂದು ಗೀಟಿನ ವಿಷಯ ಎಂದು ಬೇಡಿಕೊಳ್ಳುತ್ತಿದ್ದರು. ಯಾರು ಕಾಯಂ ಆಗುತ್ತಾರೆಂದು ದುರಗಮ್ಮನವರು ಕೇಳಿದ್ದಕ್ಕೆ, ನಾನಂತೂ ಅಲ್ಲ ಎಂದು ಹೇಳಿ ಊಟಕ್ಕೆ ಕುಳಿತರು.

ಮೂವತ್ತನೇ ತಾರೀಖು ಎಂಟೂ ಐವತ್ತಕ್ಕೆ ಅವರು ಜರಡಿ ಹಾಕದೆಯೇ ಕೇಳಿದರು. ಹದಿಮೂರು ಪರದೆ. ಮುನ್ನೂರ ಹನ್ನೆರಡು ಸಾಲನ್ನೂ ಒಂದೊಂದಾಗಿ ಓದಿದರು. ಎಲ್ಲ ಎದ್ದು ನಿಂತಿದ್ದವು. ಒಂಬತ್ತಕ್ಕೆ ಜರಡಿ ಹಾಕಿ, ಕೊನೆಯ ಗೀಟಿಲ್ಲದೆ, ವರದಿ ತೆಗೆದರು. ಖಾಲಿ. ಅದನ್ನು ಕಳಿಸಿದರು.

ಒಂಬತ್ತೂ ಎರಡಕ್ಕೆ ಯಂಕೇಶರ ಫೋನು ಬಂತು. "ಕಡೀಕೂ ಬುದ್ಧಿ ಬಂತಲ್ರಿ ನಿಮಗ" ಎಂದು ಸಂತೋಷದಿಂದ ನಕ್ಕರು. ಗೀಟು ಹಾಕಿಲ್ಲ, ಲೈನೇ ಎಬ್ಬಿಸಿದ್ದೇನೆ ಎಂದು ದ್ಯಾವಪ್ಪನವರು ಹೇಳಿದರು. ಹಾಗೇ ಹೇಳಿ, ಎಲ್ಲರ ಮುಂದೆಯೂ ಹಾಗೇ ಹೇಳಿ ಎಂದು ಯಂಕೇಶರು ಧೈರ್ಯ ತುಂಬಿದರು. ಖಾಲಿ ಕಾಗದಕ್ಕೂ ಖಾಲಿ ಕಾಗದಕ್ಕೂ ವ್ಯತ್ಯಾಸ ತೋರಿಸುವುದು ಹೇಗೆಂದು ದ್ಯಾವಪ್ಪನವರಿಗೆ ಹೊಳೆಯಲಿಲ್ಲ.

ಮರುದಿನ ಕೊಪ್ಪಳದಲ್ಲಿ ಸಭೆ. ದೊಡ್ಡ ಪರದೆಯಲ್ಲಿ ಬಿದ್ದ ಲೈನುಗಳ ದಿನವಾರು ಗ್ರಾಫು ಇತ್ತು. ಗಂಗಾವತಿ, ಯಲಬುರ್ಗಾ, ಕೊಪ್ಪಳದ ಗೆರೆಗಳು ಹದಿನೈದರಿಂದ ನೆಲಕ್ಕಂಟಿ ಮಲಗಿದ್ದವು. ಕುಷ್ಟಗಿಯದು ಮಾತ್ರ ನಲವತ್ತೊಂದಕ್ಕೆ ಏರಿ ಎಂಟು ದಿನದಲ್ಲಿ ನೆಲಕ್ಕಿಳಿದಿತ್ತು. ಮಾಲೀಕರು ವಯಸ್ಸಾದವರು. ಮಲಗಿದ ಗೆರೆಗಳಲ್ಲಿ ಅವರಿಗೆ ಏನೂ ಕಾಣಲಿಲ್ಲ. ಇಳಿದ ಗೆರೆಯನ್ನು ತೋರಿಸಿ ಇದು ಯಾರದು, ಇಷ್ಟು ಸುಧಾರಣೆ ಹೇಗೆ ಮಾಡಿದರು ಎಂದು ಕೇಳಿದರು. ನಾನು ಕೊಟ್ಟ ಒಂದು ಸಲಹೆಯನ್ನು ಪಾಲಿಸಿದರು ಎಂದರು ಯಂಕೇಶರು. ಅವರು ಸುಳ್ಳು ಹೇಳಲಿಲ್ಲ, ಹಾಗೆಂದು ಅವರು ನಂಬಿದ್ದರು.

ದ್ಯಾವಪ್ಪನವರು ಎದ್ದು, ಒಂದು ನಿಮಿಷ ಕೊಡಿ, ತೋರಿಸುತ್ತೇನೆ ಎಂದರು. ಗೀಟಿದ್ದರೆ ಲೈನು ಬಿದ್ದರೂ ಕಾಣುವುದಿಲ್ಲ. ತಮ್ಮದರಲ್ಲಿ ಕಾಣುತ್ತದೆ ಎಂದು ತೋರಿಸಿದರೆ ಆಯಿತು. ಕುಷ್ಟಗಿಯ ವರದಿ ಕ್ಷಣಕ್ಕೊಮ್ಮೆ ಹೊಸದಾಗಿ ಪರದೆಗೆ ಬರುವಂತೆ ಇಟ್ಟು, ಅಲ್ಲಿಂದಲೇ ಕಾಸೀಮಸಾಬರಿಗೆ ಇಂಟರ್‌ನೆಟ್ಟಿನಲ್ಲೇ ಫೋನು ಮಾಡಿ ಪ್ಲಗ್ ತೆಗೆಯಲು ಕೇಳಿಕೊಂಡರು. ಕಾಸೀಮಸಾಬರು ತೆಗೆದರು. ಪರದೆಯ ಮೂಲೆಯಲ್ಲಿ ಕುಷ್ಟಗಿಯ ಚೌಕ ಕೆಂಪಾಯಿತು.  ಅಷ್ಟರಲ್ಲಿ ಕಾಸೀಮಸಾಬರು, ತಮ್ಮ ವ್ಯಾಪಾರಿ ಕಾಯುತ್ತಿದ್ದಾನೆಂದು, ಯಾರೂ ಹೇಳದೆಯೇ ಪ್ಲಗ್ಗನ್ನು ತಿರುಗಿ ಹಾಕಿದರು. ಕುಷ್ಟಗಿ ಹಸಿರಾಯಿತು.

"ಇಲ್ಲಿ ಕುಂತಲ್ಲೆ ಒಂದ ನಿಮಿಷದಾಗ ಸರಿ ಮಾಡಿದ್ರಲ್ರಿ" ಎಂದು ಮಾಲೀಕರು ಬೆರಗಾಗಿ ಅಲ್ಲೇ ಆದೇಶಕ್ಕೆ ಸಹಿ ಹಾಕಿದರು.

ಆದೇಶದಲ್ಲಿ ಕಾರಣವನ್ನೂ ಬರೆದಿದ್ದಾರೆ: "ಮೇಲಧಿಕಾರಿಗಳ ಸಲಹೆಯನ್ನು ಪಾಲಿಸುವ ಗುಣ." ದುರಗಮ್ಮನವರು ಆ ಸಾಲನ್ನು ಎರಡು ಸಲ ಓದಿ, ನಿಜವನ್ನು ಹೇಳಲಿಲ್ಲವೇ ಎಂದು ಕೇಳಿದರು. ಎರಡು ಸಲ ಹೇಳಿದೆ ಎಂದರು ದ್ಯಾವಪ್ಪನವರು. "ಹಂಗಾರ ಮೂರನೇ ಸಲ ಬಾಯಿಲೆ ಹೇಳಬ್ಯಾಡ್ರಿ" ಎಂದು ದುರಗಮ್ಮನವರು ಆದೇಶವನ್ನು ಪೆಟ್ಟಿಗೆಯ ತಳದಲ್ಲಿ, ಸೀರೆಗಳ ಕೆಳಗೆ ಇಟ್ಟರು.

ಕಾಯಂ ಆದ ಮೇಲೆ ಅವರಿಗೆ ಬಂದ ಮೊದಲ ಕೆಲಸ, ಉಳಿದ ಮೂರೂ ಶಾಖೆಗೆ ಹೋಗಿ ವರದಿ ತೆಗೆಯುವ ತರಬೇತಿ ಕೊಡುವುದು. ಡಿಸೆಂಬರ್ ಹತ್ತಕ್ಕೆ, ಅಂದರೆ ನಲವತ್ತೈದು ತುಂಬಿದ ಮರುದಿನ, ಅವರು ಯಲಬುರ್ಗಾಕ್ಕೆ ಹೋದರು. ಅಲ್ಲಿಯ ಮೇಲ್ವಿಚಾರಕ ಮಲ್ಲೇಶ ಹೊಸಬ. ಇವರಿಗೆಂದು ಕುರ್ಚಿ ಒರೆಸಿಟ್ಟಿದ್ದ. ತನ್ನ ಹಸಿರು ವರದಿಯನ್ನು ತೋರಿಸಿ, ನಿಮ್ಮ ಗೀಟನ್ನು ಒಂದು ದಿನವೂ ತಪ್ಪಿಸಿಲ್ಲ ಎಂದ. ದ್ಯಾವಪ್ಪನವರು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೊನೆಯ ಗೀಟಿನ ಮೇಲೆ ಬೆರಳಿಟ್ಟು ಅಳಿಸಲು ಹೇಳಿದರು. ಇನ್ನು ಅವರನ್ನು ಮಾರ್ಚಿನಲ್ಲಿ ತೆಗೆಯಲು ಯಾರಿಗೂ ಬರುವಂತಿರಲಿಲ್ಲ.

ಮಲ್ಲೇಶ ಅಳಿಸಿ ಗುಂಡಿ ಒತ್ತಿದ. ಪರದೆ ತುಂಬಿತು. ಮತ್ತೆ ತುಂಬಿತು. ಮೂರನೇ ಸಲವೂ ತುಂಬಿದಾಗ ಅವನು ಕೈ ಹಿಂದಕ್ಕೆ ತೆಗೆದುಕೊಂಡು, "ಇದೇನ್ರಿ ಅಣ್ಣ, ಏನು ಕೆಡಿಸಿಬಿಟ್ಟೆ ನಾನು" ಎಂದ.

"ನೀನು ಕೆಡಿಸಿಲ್ಲೋ, ಮೊದಲ ಕೆಟ್ಟಿತ್ತು. ಬರಕೋ."

ಮಲ್ಲೇಶ ಎಂಬತ್ತೆರಡು ನಂಬರು ಬರೆದುಕೊಂಡ. ಬರೆದು ಮುಗಿಸಿ, ಈಗ ಏನು ಮಾಡಬೇಕೆಂದು ಕೇಳಿದ. ದ್ಯಾವಪ್ಪನವರು ಆಗಲೇ ಎದ್ದು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು.

"ಗಾಡಿ ತಗಿ" ಎಂದರು.